ಕರೆಂಟು ನೀರು

ನಮ್ಮಪ್ಪನ ಅಂಗಿಗೆ ಒಂದು ವಾಸನೆ ಇತ್ತು. ಅವರು ಶಿವನಸಮುದ್ರದ ಪವರ್ ಹೌಸಿನಲ್ಲಿ ಸ್ವಿಚ್‌ಬೋರ್ಡ್ ನೋಡಿಕೊಳ್ಳುತ್ತಿದ್ದರು. ಕೆಲಸ ಮುಗಿಸಿ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ, ಬೆವರಿನ ಜೊತೆಗೆ ಇನ್ನೇನೋ ಒಂದು ಚುರುಕಾದ ವಾಸನೆ ಮೂಗಿಗೆ ಹತ್ತುತ್ತಿತ್ತು. ಸಿಡಿಲು ಹೊಡೆದ ಮೇಲೆ ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದಲ್ಲ, ಅದೇ. ಅಮ್ಮ ಅದಕ್ಕೆ ಕರೆಂಟು ವಾಸನೆ ಎಂದು ಹೆಸರಿಟ್ಟಿದ್ದಳು. "ಆ ವಾಸನೆ ಬಂತು ಅಂದರೆ ಎಲ್ಲೋ ಕರೆಂಟು ಗಾಳಿಗೆ ಸೋರ್ತಾ ಇದೆ ಅಂತ ಅರ್ಥ ಕಣಮ್ಮ, ಎಲ್ಲಿ ಅಂತ ಹುಡುಕಬೇಕು," ಎನ್ನುತ್ತಿದ್ದರು ಅಪ್ಪ. ಮುಂದೆ ರಸಾಯನಶಾಸ್ತ್ರ ಓದುವಾಗ ಅದರ ನಿಜವಾದ ಹೆಸರು ಓಜೋನ್ ಎಂದು ತಿಳಿಯಿತು. ಪರೀಕ್ಷೆಯಲ್ಲಿ ಅರ್ಧ ಪುಟ ಬರೆದು ಮರೆತೂ ಬಿಟ್ಟೆ. ಅದು ಮತ್ತೆ ನೆನಪಾಗಬೇಕಾದರೆ ನಾನು ಮಂಡ್ಯದ ಹತ್ತಿರದ ಹೊಳಲು ಎಂಬ ಊರಿನಲ್ಲಿ ಒಂದು ಬಾವಿಯನ್ನು ಕೆಡಿಸಬೇಕಾಯಿತು.

ಎಪ್ಪತ್ತರ ದಶಕದ ನಡುಭಾಗ. ಮಂಡ್ಯದ ಒಂದು ಕಾಲೇಜಿನಲ್ಲಿ ನನಗೆ ಡೆಮಾನ್‌ಸ್ಟ್ರೇಟರ್ ಕೆಲಸ ಸಿಕ್ಕಿತ್ತು. ಹುಡುಗರು ಆಸಿಡ್ಡು ಚೆಲ್ಲಿಕೊಳ್ಳದಂತೆ ಕಾಯುವುದೇ ಆ ಕೆಲಸದ ತಿರುಳು. ಕೆಲಸ ಸಿಕ್ಕಿತು, ತಲೆ ಮೇಲೆ ಸೂರು ಸಿಗಲಿಲ್ಲ. ಮದುವೆಯಾಗದ ಹೆಣ್ಣು, ಜೊತೆಗೆ ಯಾರೂ ಇಲ್ಲ, ಸಂಬಳ ತಾನೇ ತರುತ್ತಾಳೆ. ಮೂರನ್ನೂ ಕೇಳಿದ ಮನೆ ಮಾಲೀಕರ ಮುಖ ಬದಲಾಗುತ್ತಿತ್ತು. ಒಬ್ಬರಂತೂ ಬಾಗಿಲಲ್ಲೇ ನಿಲ್ಲಿಸಿ ನನ್ನ ಗೋತ್ರ, ನಕ್ಷತ್ರ ಎಲ್ಲ ವಿಚಾರಿಸಿ, ಕೊನೆಗೆ ಮನೆ ಖಾಲಿ ಇಲ್ಲ ಎಂದರು. ಖಾಲಿ ಇಲ್ಲದ ಮನೆಗೆ ನಕ್ಷತ್ರ ಯಾಕೆ ಬೇಕಿತ್ತೋ ದೇವರೇ ಬಲ್ಲ.

ಕಾಲೇಜಿನ ಹಾಸ್ಟೆಲ್ಲಿಗೆ ದಿನಾ ಹಾಲು ತರುತ್ತಿದ್ದ ಹೊಳಲಿನ ಹೆಂಗಸೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಐವತ್ತು ದಾಟಿದ ವಿಧವೆ, ಬೇಸಾಯದ ಮನೆಯವರು. ಒಂದು ದಿನ ಖಾಲಿ ಕ್ಯಾನು ಸೊಂಟಕ್ಕಿಟ್ಟುಕೊಂಡು ನನ್ನ ಮುಂದೆ ಬಂದು ನಿಂತರು.

"ನಮ್ಮಟ್ಟೀಲಿ ಮುಂದ್ಗಡೆ ಒಂದು ಕ್ವಾಣೆ ಅದೆ ಕಣವ್ವ. ಬಂದ್ ನೋಡು. ಇಡುಸುದ್ರೆ ಇರು, ಇಲ್ದಿದ್ರೆ ಓಗು."

ಹೋದೆ, ಹಿಡಿಸಿತು, ಇದ್ದೆ. ಬೀದಿಯವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬೀದಿಗೆ ನಾನು ಮೇಡಮ್ಮ ಆದೆ. ನನ್ನ ಗೋತ್ರವನ್ನು ಅವರು ಕೊನೆಯವರೆಗೂ ಕೇಳಲಿಲ್ಲ. ಆ ಒಂದು ಉಪಕಾರಕ್ಕೇ ನಾನು ಅವರಿಗೆ ಋಣಿಯಾಗಿರುತ್ತಿದ್ದೆ, ಮುಂದಿನದು ಏನೂ ನಡೆಯದಿದ್ದರೂ.

ಆ ಮನೆಯ ಹಿತ್ತಲಲ್ಲಿ ಒಂದು ಕಲ್ಲು ಕಟ್ಟಿದ ಬಾವಿ. ಬೀದಿಯ ಉಳಿದ ಬಾವಿಗಳ ನೀರು ಸವುಳು, ಬೇಳೆ ಹಾಕಿ ಎಷ್ಟು ಬೇಯಿಸಿದರೂ ಕಲ್ಲು ಕಲ್ಲಾಗಿಯೇ ಇರುತ್ತಿತ್ತು. ದೊಡ್ಡವ್ವನ ಬಾವಿಯದು ಮಾತ್ರ ಸೀ ನೀರು. ಅದಕ್ಕೇ ಅದು ಬೇಳೆ ಬೇಯೋ ಬಾವಿ. ಬೆಳಿಗ್ಗೆ ಸಂಜೆ ಅರ್ಧ ಬೀದಿಯ ಕೊಡಗಳು ಅಲ್ಲಿಗೇ ಬರುತ್ತಿದ್ದವು. ಮದುವೆಯಿದ್ದರೆ ನೀರು ತರುವ ಶಾಸ್ತ್ರಕ್ಕೂ ಅದೇ ಬಾವಿ. ಮುತ್ತೈದೆಯರು ಹೊಸ ಕೊಡ ಹಿಡಿದು, ವಾಲಗ ಊದಿಸಿಕೊಂಡು ಬಂದು, ಬಾವಿಗೆ ಪೂಜೆ ಮಾಡಿ ನೀರು ಸೇದಿಕೊಂಡು ಹೋಗುತ್ತಿದ್ದರು.

ಆ ಹೊತ್ತಿನಲ್ಲಿ ದೊಡ್ಡವ್ವ ಎದುರಿಗೆ ಬರುತ್ತಿರಲಿಲ್ಲ. ವಿಧವೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಅವರೇ ಹಿತ್ತಲ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಆದರೆ ಹಿಂದಿನ ದಿನವೇ ಕಟ್ಟೆ ತೊಳೆದು ಸಾರಿಸಿ, ರಾಟೆಗೆ ಎಣ್ಣೆ ಬಿಟ್ಟು, ಹೊಸ ಹಗ್ಗ ಕಟ್ಟಿರುತ್ತಿದ್ದರು. ಮಕ್ಕಳಿಲ್ಲದ, ಗಂಡನಿಲ್ಲದ ಅವರಿಗೆ ಬೀದಿಯ ಎಲ್ಲ ಮದುವೆಗಳಲ್ಲೂ ಅಷ್ಟು ಪಾಲಿತ್ತು. ಅದನ್ನು ನಾನು ಮೊದಲ ಮದುವೆಯಲ್ಲೇ ಕಂಡುಕೊಂಡೆ.

ಇನ್ನು ನನ್ನ ಘನಕಾರ್ಯ. ಯುಗಾದಿ ಕಳೆದ ಹೊಸತು. ಅಕ್ಕಪಕ್ಕದ ಊರುಗಳಲ್ಲಿ ವಾಂತಿಭೇದಿ ಎಂದು ಸುದ್ದಿ ಬಂತು. ಬೆಳಿಗ್ಗೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ, ಒಂದು ಕಾಲು ಹೊಸಿಲ ಹೊರಗಿಟ್ಟುಕೊಂಡು ನಾನು ಹೇಳಿದೆ: "ದೊಡ್ಡವ್ವ, ರೋಗ ಬರೋ ಹಾಗಿದೆ, ಇವತ್ತೇ ಬಾವಿಗೆ ಔಷಧಿ ಹಾಕಿಸಿಬಿಡಿ." ನನ್ನ ಮನಸ್ಸಿನಲ್ಲಿ ಇದ್ದದ್ದು ಬ್ಲೀಚಿಂಗ್ ಪೌಡರ್. ಅದನ್ನು ಆರೋಗ್ಯ ಇಲಾಖೆಯವರು ಪುಕ್ಕಟೆ ಕೊಡುತ್ತಿದ್ದರು. ಆ ಹೆಸರು ನನ್ನ ಬಾಯಿಗೆ ಬರಲಿಲ್ಲ. ಹಳ್ಳಿಯವರಿಗೆ ಅರ್ಥವಾಗಲಿ ಎಂದು ಔಷಧಿ ಅಂದೆ. ಓದಿದವರ ಔದಾರ್ಯ ಅದು, ಕೇಳುವವರ ಮಟ್ಟಕ್ಕೆ ಇಳಿದು ಮಾತಾಡುವುದು.

ಆ ಬೀದಿಯಲ್ಲಿ ಔಸ್ದಿ ಎಂದರೆ ಏನೇನು ಎಂದು ನಾನು ಯೋಚಿಸಲಿಲ್ಲ. ಜ್ವರದ ಮಾತ್ರೆ ಔಸ್ದಿ. ಕಬ್ಬಿನ ಹುಳಕ್ಕೆ ಹೊಡೆಯುವುದು ಔಸ್ದಿ. ತಿಗಣೆಗೆ ಹಾಕುವುದು ಔಸ್ದಿ. ಹಿಂದಿನ ತಿಂಗಳು ಎತ್ತುಗಳಿಗೆ ಕಾಲುಬಾಯಿ ಜ್ವರ ಬಂದಾಗ ದನದ ಡಾಕ್ಟರು ಕೊಟ್ಟಿದ್ದ ಕಪ್ಪು ಫಿನಾಯಿಲ್ ಕೂಡ ಔಸ್ದಿಯೇ. ಕೊಟ್ಟಿಗೆ ತೊಳೆದು ಮಿಕ್ಕಿದ್ದು ಅರ್ಧ ಡಬ್ಬಕ್ಕಿಂತ ಹೆಚ್ಚೇ ಇತ್ತು. ರೋಗದ ಹುಳ ಸಾಯಲಿಕ್ಕೆ ಅದನ್ನು ಕೊಟ್ಟದ್ದು ಎಂದು ಡಾಕ್ಟರೇ ಹೇಳಿದ್ದರಂತೆ. ಮೇಡಮ್ಮನೂ ರೋಗದ ಮಾತೇ ಆಡಿದ್ದಾಳೆ. ದೊಡ್ಡವ್ವ ಹಿಂದೆಮುಂದೆ ನೋಡಲಿಲ್ಲ, ಡಬ್ಬ ತಂದು ಬಾವಿಗೆ ಬಗ್ಗಿಸಿದರು.

ಸಂಜೆ ಬಸ್ಸಿಳಿದು ಬೀದಿಗೆ ತಿರುಗುತ್ತಲೇ ನನಗೆ ಕಾಲೇಜಿನ ಶೌಚಾಲಯದ ವಾಸನೆ ಬಡಿಯಿತು. ಹಿತ್ತಲಲ್ಲಿ ಜನ ತುಂಬಿದ್ದರು. ಬಾವಿಯ ನೀರು ಹಾಲು ಕಲಸಿದ ಹಾಗೆ ಬೆಳ್ಳಗೆ. ಪುಣ್ಯಕ್ಕೆ ಆ ನಾತವೇ ಕಾವಲಾಗಿ ಯಾರೂ ಕುಡಿದಿರಲಿಲ್ಲ. ಎದುರುಮನೆಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಿದ್ದರು. ಬೀದಿಯ ಯಜಮಾನಿಕೆಯನ್ನು ಯಾರೂ ಕೊಡದಿದ್ದರೂ ತೆಗೆದುಕೊಂಡಿದ್ದ ಹೆಂಗಸು ಅವರು.

"ಬಾವಿಗ್ ಯಾಕಕ್ಕ ಪಿನಾಯ್ಲು ಸುರುದೆ? ಯಾರ್ ಯೋಳುದ್ರು?"

ನಾನು ಗುಂಪಿನ ಹಿಂದೆ ನಿಂತಿದ್ದೆ. ದೊಡ್ಡವ್ವ ನನ್ನನ್ನು ನೋಡಿದರು.

"ಯಾರ್ ಯೋಳ್ಬೇಕು? ನಾನೇ ಸುರುದೆ. ರೋಗ ಬತ್ತದೆ ಅಂತಿದ್ರಲ್ಲ, ಸುರುದ್ಬುಟ್ಟೆ. ಕಣ್ ಕುರುಡಾಗಿತ್ತು ಅನ್ಕಳಿ."

ಅಷ್ಟೇ. ಅವರು ನನ್ನ ಹೆಸರೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹೆದರಿದ್ದೆ. ಇದ್ದೊಂದು ಸೂರೂ ಹೋದರೆ ಎಲ್ಲಿಗೆ ಹೋಗಲಿ ಎಂಬ ಲೆಕ್ಕಾಚಾರ ಆ ಕ್ಷಣದಲ್ಲೇ ತಲೆಯಲ್ಲಿ ಓಡಿತ್ತು, ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ. ಒಳಗೆ ಬಂದ ಮೇಲೆ ಅಳುತ್ತಾ ತಪ್ಪಾಯಿತು ಅಂದೆ. ದೊಡ್ಡವ್ವ ಒಲೆಗೆ ಸೌದೆ ತಳ್ಳುತ್ತಾ, "ಔಸ್ದಿ ಅಂತ ನೀನಂದೆ. ಯಾವ್ ಔಸ್ದಿ ಅಂತ ನಾನ್ ಕೇಳ್ಲಿಲ್ಲ. ಬುಡತ್ಲಾಗೆ, ಮುದ್ದೆ ಉಣ್ಣು," ಎಂದರು.

ದೊಡ್ಡವ್ವನ ಮೈದುನ ಪಕ್ಕದ ಮನೆಯಲ್ಲಿದ್ದರು, ನಾನು ಚಿಕ್ಕಯ್ಯ ಎನ್ನುತ್ತಿದ್ದೆ. ಅವರ ಗದ್ದೆಯ ಪಂಪ್‌ಸೆಟ್ಟನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಬಾವಿಯನ್ನು ಬರಿದು ಮಾಡಿದರು. ಊರಿದ ನೀರನ್ನು ಮತ್ತೆ ತೆಗೆದರು. ಕೆಳಗಿಳಿದು ಹೂಳೆತ್ತಿದರು, ಕಲ್ಲುಗಳನ್ನು ಬೂದಿ ಹಾಕಿ ಉಜ್ಜಿದರು. ನೀರು ತಿಳಿಯಾಯಿತು, ವಾಸನೆ ಬಹಳ ಕಮ್ಮಿಯಾಯಿತು. ಆಗ ನಾನು ಎರಡನೇ ಘನಕಾರ್ಯಕ್ಕೆ ಕೈ ಹಾಕಿದೆ. ಈ ಸಲ ಔಷಧಿ ನಾನೇ ಹಾಕುತ್ತೇನೆ ಎಂದು ಬ್ಲೀಚಿಂಗ್ ಪೌಡರ್ ತಂದು, ಅಳತೆ ಮಾಡಿ, ಕಲಸಿ, ಶಾಸ್ತ್ರೋಕ್ತವಾಗಿ ಬಾವಿಗೆ ಬಿಟ್ಟೆ.

ಮಾರನೆಯ ದಿನ ಬೇಳೆ ಬೆಂದಿತು. ಆದರೆ ಆ ಸಾರನ್ನು ಬಾಯಿಗಿಟ್ಟರೆ ಆಸ್ಪತ್ರೆಯ ವಾರ್ಡಿನಲ್ಲಿ ಕೂತು ಉಂಡಂತಿತ್ತು. ಮೊದಲು ಇದ್ದದ್ದಕ್ಕಿಂತ ಹತ್ತು ಪಾಲು ಕೆಟ್ಟ ನಾತ. ಕಾಲೇಜಿಗೆ ಹೋಗಿ ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ಹೇಳಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿ, "ಫಿನಾಯಿಲಿನಲ್ಲಿರೋದು ಕಾರ್ಬಾಲಿಕ್ ಜಾತಿಯ ವಸ್ತು. ಅದಕ್ಕೆ ಕ್ಲೋರಿನ್ ಸೇರಿದರೆ ಏನಾಗುತ್ತೆ ಅಂತ ಬರೆದು ಪಾಸಾಗಿ ಬಂದವರು ನೀವೇ ಅಲ್ವೇನಮ್ಮ?" ಎಂದರು. ಎರಡೂ ಸೇರಿ ಹುಟ್ಟುವ ವಸ್ತು ಎಷ್ಟು ಅಲ್ಪವಿದ್ದರೂ ನಾಲಿಗೆಗೆ ಹತ್ತುತ್ತದೆ. ಪುಸ್ತಕದ ಆ ಪುಟ ಕಣ್ಣ ಮುಂದೆ ಬಂತು, ನಾನೇ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೆ. ಹೊರದೇಶದ ಕೆಲವು ಊರುಗಳಲ್ಲಿ ಕುಡಿಯುವ ನೀರಿಗೆ ಓಜೋನ್ ಊದುತ್ತಾರೆ, ಅದು ಇಂಥ ವಸ್ತುಗಳನ್ನು ಮುರಿದುಹಾಕುತ್ತದೆ ಎಂದೂ ಹೇಳಿದರು. "ಆದರೆ ಓಜೋನ್ ಮಾಡೋ ಯಂತ್ರ ಎಲ್ಲಿಂದ ತರ್ತೀರಿ?"

ಎಲ್ಲಿಂದ ಎಂದು ನನಗೆ ಗೊತ್ತಿತ್ತು. ಅಪ್ಪನಿಗೆ ಕಾಗದ ಬರೆದೆ: ನೀವು ಇಷ್ಟು ವರ್ಷ ಹುಡುಕಿ ನಿಲ್ಲಿಸುತ್ತಿದ್ದ ಆ ವಾಸನೆಯನ್ನು ಈಗ ಬೇಕೆಂದೇ ಹುಟ್ಟಿಸಬೇಕಾಗಿದೆ.

ಭಾನುವಾರ ಅಪ್ಪ ಮಳವಳ್ಳಿ ಬಸ್ಸು ಹಿಡಿದು ಮಂಡ್ಯಕ್ಕೆ ಬಂದು, ಅಲ್ಲಿಂದ ಹೊಳಲಿಗೆ ಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತಂಬಿಗೆ. ಅವರು ಹೊರಗೆ ಯಾರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಹಳೇ ಕಾಲದ ಮಡಿ, ತಂಬಿಗೆಯಲ್ಲಿ ಮನೆಯ ನೀರೇ ಬರಬೇಕು. ನನಗೆ ನಾಚಿಕೆಯಾಯಿತು. ದೊಡ್ಡವ್ವ ನೋಡಿದರೂ ನೋಡದವರಂತೆ, "ಕೂತ್ಕಳಿ ಸ್ವಾಮಿ," ಎಂದು ಚಾಪೆ ಹಾಸಿದರು.

ಅಪ್ಪ ಮಾಡಿದ್ದು ಸರಳವಾಗಿತ್ತು. ಕಾಲೇಜಿನಲ್ಲಿ ಬೇಡವೆಂದು ಬಿಸಾಕಿದ್ದ ಒಂದು ದಪ್ಪ ಗಾಜಿನ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ. ಒಳಗಿನದರ ಒಳಮೈಗೂ ಹೊರಗಿನದರ ಹೊರಮೈಗೂ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ಮಂಡ್ಯದ ಒಂದು ಟಾಕೀಸಿನ ಬಣ್ಣದ ದೀಪದ ಬೋರ್ಡಿಗೆ ಹಾಕಿದ್ದ ಹಳೇ ಟ್ರಾನ್ಸ್‌ಫಾರ್ಮರನ್ನು ರಿಪೇರಿಯವನಿಂದ ಕೇಳಿ ತಂದಿದ್ದರು. ಅದರ ಎರಡು ತಂತಿ ಎರಡು ಕಾಗದಗಳಿಗೆ. ನಡುವಿನ ಸಂದಿಯಲ್ಲಿ ಗಾಳಿ ಊದಲು ಬೀದಿ ತುದಿಯ ಅಕ್ಕಸಾಲಿಗರ ಹಳೆಯ ತಿದಿ. ಗಾಳಿ ಒಣಗಿರಬೇಕು ಎಂದು ಅದನ್ನು ಸುಟ್ಟ ಸುಣ್ಣ ತುಂಬಿದ ಡಬ್ಬದ ಮೂಲಕ ಹಾಯಿಸಿದರು. ಸ್ವಿಚ್ಚು ಒತ್ತಿದಾಗ ಕೊಳವೆಯೊಳಗೆ ಮಂದವಾದ ನೇರಳೆ ಬೆಳಕು. ಆಮೇಲೆ ಆ ವಾಸನೆ. ನಾನು ಆರು ವರ್ಷದವಳಾಗಿ ಶಿವನಸಮುದ್ರದ ಕ್ವಾರ್ಟರ್ಸಿನ ಗೂಟದ ಕೆಳಗೆ ನಿಂತಿದ್ದೆ.

"ಹತ್ತಿರ ಹೋಗಿ ಮೂಸಬೇಡ, ಎದೆಗೆ ಒಳ್ಳೇದಲ್ಲ. ಹೊರಗೇ ಇಡಿ, ಗಾಳಿ ಆಡಲಿ. ತಂತಿ ಹತ್ತಿರ ಯಾರೂ ಸುಳೀಬಾರದು," ಎಂದು ಅಪ್ಪ ಸುತ್ತ ಬೇಲಿಮುಳ್ಳು ಹಾಕಿಸಿದರು.

ಮೊದಲು ಸೀಸೆಯಲ್ಲಿ ನೋಡಿದೆ. ಓಜೋನ್ ಊದಿದರೆ ನಾತ ಹೋಗುತ್ತಿತ್ತು ನಿಜ, ಆದರೆ ಒಂದು ಸೀಸೆಗೇ ಬೆಳಗಿನ ಹೊತ್ತೆಲ್ಲ ಹಿಡಿಯುತ್ತಿತ್ತು. ಇನ್ನು ಮನೆಯ ಬಳಕೆಗೆ ಡ್ರಮ್ಮು ನೀರು ಯಾವಾಗ ಆದೀತು? ಇಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ, ಸೋಮಾರಿತನ ಇದೆ. ಒಂದು ಸೀಸೆಯನ್ನು ತೊಳೆಯದೆ ಬಳಸಿದ್ದೆ. ಅದರ ತಳದಲ್ಲಿ ಕರಿ ಮರಳು ಉಳಿದಿತ್ತು. ಆ ಸೀಸೆಯ ನೀರು ಉಳಿದವುಗಳಿಗಿಂತ ಎಷ್ಟೋ ಮೊದಲೇ ಸರಿಹೋಯಿತು.

ಆ ಮರಳಿನ ಕಥೆ ಇಷ್ಟೇ. ಅಮ್ಮನ ತವರು ಮದ್ದೂರಿನ ಹತ್ತಿರದ ವೈದ್ಯನಾಥಪುರ. ರಜೆಗೆ ಹೋದಾಗ ಶಿಂಷಾ ಹೊಳೆಯ ದಂಡೆಯಲ್ಲಿ ಅಯಸ್ಕಾಂತ ಎಳೆದುಕೊಂಡು ಓಡಾಡುವುದು ನಮ್ಮ ಆಟ. ಅದಕ್ಕೆ ಅಂಟುವ ಕಬ್ಬಿಣದ ಕರಿ ಮರಳನ್ನು ಸೀಸೆಯಲ್ಲಿ ತುಂಬಿಟ್ಟು, ಬರೆದ ಮಸಿ ಒಣಗಲು ಕಾಗದದ ಮೇಲೆ ಉದುರಿಸುತ್ತಿದ್ದೆವು. ಅಂಥ ಒಂದು ಸೀಸೆ ನನ್ನ ಪೆಟ್ಟಿಗೆಯಲ್ಲಿ ಉಳಿದಿತ್ತು. ನಾನು ಮೂರು ಸೀಸೆ ಇಟ್ಟು ಮತ್ತೆ ನೋಡಿದೆ. ಬರೀ ಮರಳು ಹಾಕಿದ್ದರಲ್ಲಿ ನಾತ ಇದ್ದಂತೇ ಇತ್ತು. ಬರೀ ಓಜೋನಿನದು ನಿಧಾನ. ಎರಡೂ ಸೇರಿದ್ದು ಅರ್ಧ ಹೊತ್ತಿಗಿಂತ ಮೊದಲೇ ಮುಗಿಯಿತು, ಮರಳು ಮಾತ್ರ ಒಂದು ಚೂರೂ ಸವೆಯಲಿಲ್ಲ. ತಾನು ಖರ್ಚಾಗದೆ ಬೇರೆಯವರ ಕೆಲಸವನ್ನು ಬೇಗ ಮಾಡಿಸುವ ಇಂಥ ವಸ್ತುವಿಗೆ ವೇಗವರ್ಧಕ ಎನ್ನುತ್ತಾರೆಂದು ಹುಡುಗರಿಗೆ ನಾನೇ ಪಾಠ ಹೇಳುತ್ತಿದ್ದೆ. ಪಾಠದಲ್ಲಿದ್ದದ್ದು ಪೆಟ್ಟಿಗೆಯಲ್ಲೂ ಇತ್ತು, ಗೊತ್ತಿರಲಿಲ್ಲ.

ಕೆಲಸ ಮುಗಿಯಿತೋ ಇಲ್ಲವೋ ತಿಳಿಯುವುದು ಹೇಗೆ? ನನ್ನ ತಪ್ಪೇ ಇಲ್ಲಿ ಉಪಯೋಗಕ್ಕೆ ಬಂತು. ಲೋಟದಲ್ಲಿ ನೀರು ತೆಗೆದು ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕುವುದು. ಆಸ್ಪತ್ರೆ ನಾತ ಎದ್ದರೆ ಇನ್ನೂ ಉಳಿದಿದೆ, ಏಳದಿದ್ದರೆ ಹೋಗಿದೆ. ಮೂಸಿ ಹೇಳುವ ಕೆಲಸ ದೊಡ್ಡವ್ವನದು. ನನ್ನ ಮೂಗು ಲ್ಯಾಬಿನಲ್ಲಿ ಕೆಟ್ಟಿತ್ತು, ಚಿಕ್ಕಯ್ಯನದು ನಶ್ಯಕ್ಕೆ ಬಲಿಯಾಗಿತ್ತು. ದೊಡ್ಡವ್ವನ ಮೂಗಿಗೆ ಮಾತ್ರ ಮೋಸ ಮಾಡಲು ಸಾಧ್ಯವಿರಲಿಲ್ಲ. ಕರಿ ಮರಳು ವೈದ್ಯನಾಥಪುರದ್ದು ಎಂದು ತಿಳಿದಾಗ ಅವರು, "ವೈದ್ಯನಾಥನ್ ತಾವಿಂದ್ ಬಂದದ್ದಾ? ಅಂಗಾದ್ರೆ ಇದೇ ಕಣವ್ವ ನಿಜವಾದ್ ಔಸ್ದಿ," ಎಂದು ನಕ್ಕರು. ಬಾವಿ ಕೆಟ್ಟ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಮುಂದಿನ ಭಾನುವಾರ ನಾನೂ ಅಪ್ಪನೂ ಹೊಳೆಗೆ ಹೋಗಿ, ಕಾಲೇಜಿನ ದೊಡ್ಡ ಅಯಸ್ಕಾಂತದಲ್ಲಿ ಒಂದು ಚೀಲ ಮರಳು ಹೆಕ್ಕಿದೆವು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ಇಷ್ಟು ವಯಸ್ಸಾದವರಿಗೆ ಇದೇನು ಆಟ ಎಂದು ಕೈ ನಿಲ್ಲಿಸಿ ನೋಡಿದರು. ಆ ಮರಳನ್ನು ಚೆನ್ನಾಗಿ ತೊಳೆದು ಡ್ರಮ್ಮಿನ ತಳಕ್ಕೆ ಹಾಕಿ ಓಜೋನ್ ಊದಿದೆವು. ಎರಡು ದಿನಕ್ಕೆ ರಬ್ಬರ್ ಕೊಳವೆ ಬಿರುಕುಬಿಟ್ಟಿತು. ಓಜೋನ್ ರಬ್ಬರನ್ನು ತಿನ್ನುತ್ತದೆ ಎಂಬುದೂ ಪುಸ್ತಕದಲ್ಲಿ ಇತ್ತು. ಚಿಕ್ಕಯ್ಯ ಹಿತ್ತಲ ಪರಂಗಿ ಗಿಡದಿಂದ ಒಂದು ಎಲೆ ಕಿತ್ತು, ಅದರ ಟೊಳ್ಳು ದಂಟನ್ನು ಸಿಕ್ಕಿಸಿದರು. "ಇದ್ನ ತಿಂದ್ರೆ ತಿನ್ಲಿ, ನಾಳಿಕ್ ಇನ್ನೊಂದ್ ಅದೆ." ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಹೊಸ ದಂಟು.

ಕಾಲೇಜಿಗೆ ರಜೆ ಬಂತು. ನಾನು ಊರಿಗೆ ಹೋಗಲಿಲ್ಲ. ಬೆಳಿಗ್ಗೆ ನಾನು ತಿದಿ ಒತ್ತುವುದು, ಬಿಸಿಲೇರಿದ ಮೇಲೆ ದೊಡ್ಡವ್ವ, ಗದ್ದೆಯಿಂದ ಬಂದ ಮೇಲೆ ಚಿಕ್ಕಯ್ಯ. ಡ್ರಮ್ಮಿನ ನೀರಿನಲ್ಲಿ ಬೇಳೆ ಬೆಂದಿತು, ಸಾರು ಸಾರಿನಂತೇ ಇತ್ತು. ಆದರೆ ಬೀದಿಯವರು ಹತ್ತಿರ ಬರಲಿಲ್ಲ. ಫಿನಾಯಿಲಿನ ಭಯ ಹೋಗಿ ಹೊಸ ಭಯ ಹುಟ್ಟಿತ್ತು. ಹಿತ್ತಲಲ್ಲಿ ನೀರಿಗೆ ಕರೆಂಟು ಬಿಡುತ್ತಾರೆ, ಕುಡಿದರೆ ಹೊಟ್ಟೆಯೊಳಗೆ ಶಾಕ್ ಹೊಡೆಯುತ್ತದೆ. ನಮ್ಮ ನೀರಿನ ಹೆಸರೇ ಕರೆಂಟು ನೀರು ಎಂದಾಯಿತು. ಪಂಪ್‌ಸೆಟ್ಟಿನ ಹತ್ತಿರ ಒದ್ದೆ ಕೈಯಲ್ಲಿ ಶಾಕ್ ಹೊಡೆಸಿಕೊಂಡವರು ಬೀದಿಗೆ ಇಬ್ಬರಿದ್ದರು. ನೀರಿಗೂ ಕರೆಂಟಿಗೂ ಆಗಿಬರುವುದಿಲ್ಲ ಎಂದು ಅವರಿಗೆ ನಾನು ಪಾಠ ಹೇಳಬೇಕಾಗಿರಲಿಲ್ಲ.

ಚಿಕ್ಕಯ್ಯನಿಗೇ ಅನುಮಾನ ಪೂರ್ತಿ ಹೋಗಿರಲಿಲ್ಲ ಎಂದು ತೋರುತ್ತದೆ. ಒಂದು ದಿನ ಎದುರುಮನೆಯ ಹೆಂಗಸು ಬೇಲಿಯಾಚೆ ನಿಂತು ನೋಡುತ್ತಿರುವಾಗ, ಅವರು ಜೇಬಿನಿಂದ ಟೆಸ್ಟರು ತೆಗೆದು, ಲೋಟದ ನೀರಿಗೆ ಅದ್ದಿ, ಹಿಂದೆ ಹೆಬ್ಬೆರಳು ಒತ್ತಿ ಕಣ್ಣು ಕಿರಿದು ಮಾಡಿ ನೋಡಿದರು. ದೀಪ ಹತ್ತಲಿಲ್ಲ. ಇನ್ನೊಂದು ಲೋಟಕ್ಕೆ ಅದ್ದಿದರು. ಅಲ್ಲೂ ಇಲ್ಲ.

"ಇಲ್ಲ ಕಣತ್ತಿಗೆ. ಕರೆಂಟ್ ಇಲ್ಲ," ಎಂದರು ದೊಡ್ಡವ್ವನ ಕಡೆ ತಿರುಗಿ.

"ಒಳಗ್ ಓದ್‌ಮ್ಯಾಕೆ ಬಂದ್ರೆ?" ಎಂದರು ಎದುರುಮನೆಯವರು.

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ಅವತ್ತು ಅಪ್ಪ ಅಲ್ಲೇ ಇದ್ದರು, ಟ್ರಾನ್ಸ್‌ಫಾರ್ಮರಿನ ತಂತಿ ಬಿಗಿ ಮಾಡಲು ಬಂದಿದ್ದರು. ಅವರು ಎದ್ದು, ಬದಿಗಿದ್ದ ತಮ್ಮ ತಂಬಿಗೆಯಲ್ಲಿದ್ದ ನಮ್ಮ ಮನೆಯ ನೀರನ್ನು ಪರಂಗಿ ಗಿಡದ ಬುಡಕ್ಕೆ ಚೆಲ್ಲಿದರು. ದೊಡ್ಡವ್ವನ ಮುಂದೆ ತಂಬಿಗೆ ಹಿಡಿದು, "ಹಾಕಿ ತಾಯಿ," ಎಂದರು. ದೊಡ್ಡವ್ವ ಡ್ರಮ್ಮಿನಿಂದ ಮೊಗೆದು ಹಾಕಿದರು. ಅಪ್ಪ ನಿಂತಲ್ಲೇ ಎತ್ತಿ ಕುಡಿದು, ಟವೆಲಿನಲ್ಲಿ ಬಾಯಿ ಒರೆಸಿಕೊಂಡು, ಮತ್ತೆ ಸ್ಪ್ಯಾನರ್ ಹಿಡಿದು ಕೂತರು. ಆ ಮಡಿಗಾಗಿ ನಾನು ಅಪ್ಪನ ಮೇಲೆ ಎಷ್ಟು ಸಲ ಸಿಟ್ಟಾಗಿದ್ದೇನೋ ಲೆಕ್ಕವಿಲ್ಲ. ಅಂದಿನಿಂದ ಆ ಸಿಟ್ಟನ್ನು ಪೂರ್ತಿಯಾಗಿ ಮಾಡಲು ನನಗೆ ಆಗಲಿಲ್ಲ.

ವೈಶಾಖದಲ್ಲಿ ಮೂಲೆಮನೆಯ ಹುಡುಗಿಗೆ ಮದುವೆ ಗೊತ್ತಾಯಿತು. ದೊಡ್ಡವ್ವ ಹಿಂದಿನ ದಿನ ಕಟ್ಟೆ ತೊಳೆದು ಸಾರಿಸಿದರು. ಮದ್ದೂರಿನ ಸಂತೆಯಿಂದ ತರಿಸಿದ್ದ ಹೊಸ ಹಗ್ಗವನ್ನು ರಾಟೆಗೆ ಕಟ್ಟಿದರು. ಬಾವಿಯ ನೀರಿನಲ್ಲಿ ಇನ್ನೂ ಸಣ್ಣಗೆ ನಾತ ಇತ್ತು, ಶಾಸ್ತ್ರದ ನೀರನ್ನು ಡ್ರಮ್ಮಿನಿಂದ ಕೊಡಲು ಬರುವುದಿಲ್ಲ, ಅದು ಅವರಿಗೂ ಗೊತ್ತಿತ್ತು. ಆದರೂ ಕಟ್ಟಿದರು.

ಬೆಳಿಗ್ಗೆ ವಾಲಗದ ಸದ್ದು ಬೀದಿಯ ಆ ತುದಿಯಿಂದ ಹತ್ತಿರ ಬಂತು. ದೊಡ್ಡವ್ವ ಹಿತ್ತಲ ಬಾಗಿಲ ಹಿಂದೆ ಹೋಗಿ ನಿಂತರು. ಸದ್ದು ನಮ್ಮ ಮನೆಯ ಮುಂದೆ ಬಂತು, ನಿಲ್ಲಲಿಲ್ಲ, ದಾಟಿ ಕೆಳಗಿನ ಬೀದಿಯ ಸವುಳು ಬಾವಿಯ ಕಡೆಗೆ ಹೋಯಿತು. ನಾನು ಕಿಟಕಿಯಿಂದ ನೋಡಿದೆ. ಕೊಡ ಹೊತ್ತವರು ಯಾರೂ ನಮ್ಮ ಮನೆಯ ಕಡೆ ತಿರುಗಲಿಲ್ಲ. ದೊಡ್ಡವ್ವ ಹೋಗಿ ಹಗ್ಗ ಬಿಚ್ಚಿ ಸುತ್ತಿ ಅಟ್ಟದ ಮೇಲೆ ಹಾಕಿದರು. "ತಿದಿ ಒತ್ತೋಗವ್ವ, ಬಿಸ್ಲಾಯ್ತು," ಎಂದರು ನನಗೆ. ನಾನು ಹೋಗಿ ಒತ್ತಿದೆ. ಅವತ್ತು ಒತ್ತಿದಷ್ಟು ಜೋರಾಗಿ ಇನ್ನೆಂದೂ ಒತ್ತಿಲ್ಲ.

ಆಷಾಢದಲ್ಲಿ ನಾಲೆಗೆ ನೀರು ಬಿಟ್ಟರು. ಊರಿನ ಬಾವಿಗಳೆಲ್ಲ ಏರಿದವು, ನಮ್ಮದೂ ಏರಿತು. ಚಿಕ್ಕಯ್ಯ ಇನ್ನೆರಡು ಸಲ ಪಂಪು ಹಾಕಿ ಹೊಡೆದರು. ಒಂದು ಬೆಳಿಗ್ಗೆ ದೊಡ್ಡವ್ವ ಬಾವಿಯಿಂದ ನೇರವಾಗಿ ಸೇದಿದ ನೀರಿಗೆ ಚಿಟಿಕೆ ಪೌಡರ್ ಹಾಕಿ ಮೂಸಿದರು. ಮತ್ತೆ ಮೂಸಿದರು. ಲೋಟವನ್ನು ನನ್ನ ಕೈಗೆ ಕೊಟ್ಟು, "ಇಲ್ಲ," ಎಂದರು. ಬಾವಿಯನ್ನು ಸರಿಮಾಡಿದ್ದು ನನ್ನ ಓಜೋನ್ ಎಂದು ನಾನು ಯಾವತ್ತೂ ಕೊಚ್ಚಿಕೊಂಡಿಲ್ಲ. ಪಂಪು, ಬೂದಿ, ನಾಲೆಯ ನೀರು, ಭೂಮಿ, ಇವುಗಳ ಕೆಲಸ ಅದು. ಓಜೋನ್ ಮತ್ತು ಕರಿ ಮರಳು ಮಾಡಿದ್ದು ಇಷ್ಟು: ಬಾವಿ ಸರಿಹೋಗುವವರೆಗೆ ಆ ಮನೆಯ ಒಲೆಯ ಮೇಲೆ ಬೇಳೆ ಬೇಯುವುದು ನಿಲ್ಲಲಿಲ್ಲ. ಅದಕ್ಕೇ ಎರಡು ತಿಂಗಳಿಗೂ ಮೀರಿ ಒಂದು ಮುದುಕಿ, ಒಬ್ಬ ರೈತ, ಸ್ವಿಚ್‌ಬೋರ್ಡಿನ ಒಬ್ಬ ನೌಕರ ನನ್ನ ತಪ್ಪಿನ ಹಿಂದೆ ದುಡಿದರು.

ಶ್ರಾವಣದಲ್ಲಿ ಎದುರುಮನೆಯ ಮಗನಿಗೇ ಮದುವೆ. ಹಿಂದಿನ ದಿನ ಮಧ್ಯಾಹ್ನ ಆ ಹೆಂಗಸು ನಮ್ಮ ಹಿತ್ತಲಿಗೆ ಬಂದರು. ಬಾವಿಯಿಂದ ಒಂದು ಬಿಂದಿಗೆ ಸೇದಿ, ಬೊಗಸೆಯಲ್ಲಿ ಹಿಡಿದು ಮೂಸಿ, ಕುಡಿದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ನಾಳಿಕೆ ನೀರ್‌ಗ್ ಬತ್ತೀವಿ ಕಣಕ್ಕ."

ದೊಡ್ಡವ್ವ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. ಇಷ್ಟು ತಿಂಗಳು ನುಂಗಿಕೊಂಡಿದ್ದದ್ದು ಬಾಯಿಗೆ ಬಂತು. "ಅವತ್ತು ಬಾವಿಗೆ ಔಷಧಿ ಹಾಕಿ ಅಂತ ಹೇಳಿದ್ದು ನಾನು. ಇವರ ತಪ್ಪಲ್ಲ. ಬೀದಿಯವರ ಮುಂದೆ ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ," ಎಂದೆ.

ಆ ಹೆಂಗಸು ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟರು.

"ಗೊತ್ತು ಸುಮ್ಕಿರವ್ವ. ಬಾವಿಗ್ ಔಸ್ದಿ ಆಕ್ಬೇಕು ಅಂತ ನಮ್ ಬೀದೀಲಿ ಯಾರ್ ತಲೆಗ್ ಒಳೀತದೆ? ಓದ್ದೋರ್ ಮಾತು ಅಂತ ಎಲ್ರಿಗೂ ಅವತ್ತೇ ಗೊತ್ತಾಯ್ತು. ಅಕ್ಕ ನಾನೇ ಸುರುದೆ ಅಂದ್ಲು. ಅವ್ಳು ಅಂಗಂದ್ ಮ್ಯಾಕೆ ನಾವ್ಯಾಕ್ ಬಾಯ್ ಬುಡಾಣ?"

ಇಡೀ ಬೀದಿಗೆ ಗೊತ್ತಿತ್ತು. ನೀರಿಗೆ ಬಾರದಿದ್ದವರು, ವಾಲಗದ ಜೊತೆ ಮುಖ ತಿರುಗಿಸಿ ಹೋದವರು, ಟೆಸ್ಟರಿನ ದೀಪ ನೋಡಿದವರು, ಎಲ್ಲರಿಗೂ. ಅವರಿಗೆ ಬೇಡವಾಗಿದ್ದದ್ದು ನೀರು, ನಾನಲ್ಲ. ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟಿದ್ದರು, ಸೊಪ್ಪು ತಂದುಕೊಟ್ಟಿದ್ದರು, ಮಕ್ಕಳಿಗ್ ಲೆಕ್ಕ ಯೋಳ್ಕೊಡಿ ಮೇಡಮ್ಮಾರೆ ಎಂದು ಬಂದಿದ್ದರು. ಒಬ್ಬರೂ, ಒಂದು ದಿನವೂ, ಕುಹಕವಾಗಿಯೂ ಆ ಮಾತು ಎತ್ತಿರಲಿಲ್ಲ. ಅವರ್ಯಾರ ಹೆಸರನ್ನೂ ನಾನು ಇಲ್ಲಿ ಬರೆಯುತ್ತಿಲ್ಲ. ಅವರು ನನ್ನ ಹೆಸರೆತ್ತದೆ ಕಾಪಾಡಿದರು, ನನಗೆ ಗೊತ್ತಿರುವ ಮರ್ಯಾದೆಯೂ ಅದೊಂದೇ.

ಎದುರುಮನೆಯವರು ಹೊರಡುವಾಗ ರಾಟೆಯ ಕಡೆ ನೋಡಿ, "ಅಗ್ಗ ಸವುದದೆ ಕಣಕ್ಕ. ಒಸದೇನಾರ ಅದಾ?" ಎಂದು ಕೇಳಿದರು.

"ಅದೆ," ಎಂದರು ದೊಡ್ಡವ್ವ. "ವೈಸಾಕ್‌ದಿಂದ ಅಂಗೇ ಮಡಗಿವ್ನಿ."

ನಾನು ಅಟ್ಟ ಹತ್ತಿ ಹಗ್ಗ ಇಳಿಸಿದೆ. ದೊಡ್ಡವ್ವ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿಯನ್ನು ರಾಟೆಯ ಮೇಲೆ ಹಾಯಿಸಿ ಬಿಗಿದೆ.